ಬೈಗುಳ ಇಲ್ಲಿ ಬಿಟ್ಟುಹೋಗಿ

ಅಲಬಾಮಾದ ನಮ್ಮ ಜೈಲಿನಲ್ಲಿ ಓಡೆಲ್ ಪ್ರೂಯಿಟ್‌ನ ಮಂಚವೇ ವಕೀಲರ ಆಫೀಸು. ಅವನೂ ನಮ್ಮಂಥ ಕೈದಿಯೇ. ಆದರೆ ಕನ್ನಡಕವನ್ನು ಹಣೆಗೇರಿಸಿ ಕೂತನೆಂದರೆ ಗೋಡೆಗಳೂ ಸಾಕ್ಷಿ ಹೇಳಲು ಸಿದ್ಧವಾಗುತ್ತವೆ. ಏಟು ತಿಂದವನು, ಔಷಧಿ ಸಿಗದವನು, ಯಾರೇ ಬರಲಿ, ದೂರು ಬರೆದುಕೊಡಲು ಫೀಸು ಒಂದು ಪೊಟ್ಟಣ ನೂಡಲ್ಸ್. "ಮೊದ್ಲು ಜೈಲಿಗೇ ದೂರು ಕೊಡ್ಬೇಕು ಕಣಪ್ಪ. ಅವ್ರು ಆಗಲ್ಲ ಅಂದ್ಮೇಲೇ ಕೋರ್ಟು. ಮೆಟ್ಲು ಹಾರಿದ್ರೆ ಜಡ್ಜು ಓದೋದೂ ಇಲ್ಲ," ಎನ್ನುತ್ತಾನೆ. ಹೇಳುವವನು ಕಾವಲುಗಾರನನ್ನು ಬೈದರೆ ಪೆನ್ನು ನಿಲ್ಲುತ್ತದೆ. "ಅವನನ್ನ ಬೈಯದೆ ಹೆಂಗಣ್ಣ ಹೇಳೋದು?" "ಜಡ್ಜ್‌ಗೆ ನಡೆದದ್ದು ಹೇಳು. ಬೈಗುಳ ನನ್ನ ಹತ್ರ ಬಿಟ್ಹೋಗು, ಇಟ್ಕೊಂಡಿರ್ತೀನಿ." ಅವನ ಬಾಯಿಂದ ಮಾತ್ರ ನಾವು ಒಂದು ಕೆಟ್ಟ ಮಾತನ್ನೂ ಕೇಳಿದವರಲ್ಲ, ಕಾಲ್ಬೆರಳು ಮಂಚಕ್ಕೆ ಬಡಿದರೂ "ಆಕ್ಷೇಪಣೆ ಇದೆ" ಎನ್ನುವವನು. ಸಕ್ಕರೆ ಕಾಯಿಲೆಯ ಮುದುಕ ಕ್ಲೀಟಸ್‌ಗೆ ಇನ್ಸುಲಿನ್ ನಿಲ್ಲಿಸಿದಾಗ, ಜೈಲಿನವರು ಮತ್ತೆ ಮತ್ತೆ ತಿರುಗಿಸಿ ಕಳಿಸಿದ ದೂರನ್ನು ಪ್ರತಿ ಸಲವೂ ಅಷ್ಟೇ ತಣ್ಣಗೆ ಬರೆದು, ಕೊನೆಗೆ ಕೋರ್ಟಿಗೆ ಹಾಕಿದ. ಅಷ್ಟರಲ್ಲಿ ಕ್ಲೀಟಸ್‌ನ ಪಾದ ಕಪ್ಪಾಗತೊಡಗಿತ್ತು. ಮೊನ್ನೆ ಕೋರ್ಟಿನ ಆದೇಶ ಬಂತು. ಹಿಂದೆಯೇ ಇನ್ಸುಲಿನ್ನೂ ಬಂತು, ಡಾಕ್ಟರೂ ಬಂದರು. "ಕಾಲು ಉಳಿಯುತ್ತಂತೆ ಕಣೋ ಓಡೆಲ್," ಎಂದ ಕ್ಲೀಟಸ್. ಓಡೆಲ್ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡು, ಗೋಡೆಗೊರಗಿ, ನಾವು ವರ್ಷಗಟ್ಟಲೆ ಅವನ ಬಳಿ ಬಿಟ್ಟುಹೋಗಿದ್ದ ಬೈಗುಳಗಳನ್ನೆಲ್ಲ ಒಂದೂ ಬಿಡದೆ, ಪ್ರಾರ್ಥನೆಯಂತೆ ಮೆಲ್ಲಗೆ ಹೇಳತೊಡಗಿದ. ಕ್ಲೀಟಸ್ ಒಂದೊಂದಕ್ಕೂ "ಆಮೆನ್" ಎಂದ.