ಸಸ್ಯಾಹಾರಿ ಕರಿಯ
ಸೂಳೆಕೆರೆ ದಡದ ಜಯದೇವಪ್ಪನವರಿಗೆ ಕೂತಲ್ಲಿ ಕೂರಲಾಗದು. ರೇಡಿಯೊ ವಾರ್ತೆ ಇರಲಿ, ಲಿಂಗಪೂಜೆಯ ನಡುವೆಯೂ ಎದ್ದು ಬಂದು, ನಾಯಿ ಕರಿಯ ಅಂಗಳದಲ್ಲಿದೆಯೋ ಇಲ್ಲವೋ ಎಂದು ಇಣುಕುತ್ತಾರೆ. ಪೂಜೆ ಮುಗಿದರೆ ಅದರ ಹಣೆಗೂ ವಿಭೂತಿ, ತಟ್ಟೆಗೆ ಹಾಲು ಕಲಸಿದ ಜೋಳದ ಮುದ್ದೆ. ದಾರಿಹೋಕರನ್ನೂ ತಡೆದು ನಿಲ್ಲಿಸಿ, "ಮಾಂಸ ಮೂಸಿಲ್ಲ ನೋಡ್ರಿ! ಹದಿನಾಲ್ಕು ವರ್ಷ ಆತು, ಹೆಂಗೆ ಗಟ್ಟಿಯಾಗೈತೆ! ಇಪ್ಪತ್ತು ಬದುಕ್ತೈತೆ" ಎನ್ನುತ್ತಾರೆ, ಅಷ್ಟರಲ್ಲಿ ನಾಯಿ ಕಾಣದೆ, ಮಾತನ್ನು ಅರ್ಧಕ್ಕೇ ಬಿಟ್ಟು ಬೆಸ್ತರ ಬಲೆಗಳತ್ತ ಓಡುತ್ತಾರೆ. ಸಿಕ್ಕುವುದಿಲ್ಲ. ಸಂಜೆ ಅದೇ ಕುಂಟುತ್ತ ಬರುತ್ತದೆ, ಮೂತಿಗೆಲ್ಲ ಮೀನಿನ ಹುರುಪೆ ಅಂಟಿಸಿಕೊಂಡು. ಹೆಂಡತಿ ನಿರ್ಮಲಮ್ಮ ಹೊರಗೆ ಬರುವಷ್ಟರಲ್ಲಿ ಜಯದೇವಪ್ಪನವರು ಪೂಜೆಗೆಂದು ಉಟ್ಟ ಮಡಿಪಂಚೆಯಿಂದಲೇ ಅದರ ಬಾಯಿ ಒರೆಸುತ್ತ ಪಿಸುಗುಟ್ಟುತ್ತಾರೆ: "ತಿಂದ್ರೆ ತಿನ್ನಪ್ಪ, ಮನೆಗೆ ಬರಾಕೆ ಮಾತ್ರ ಮರೀಬ್ಯಾಡ."