ಮೂರು ಸೂಟೆಗಳು

ಯಾರಾದರೂ ನಂಬಲಾಗದ ಕತೆ ಹೇಳಲು ಶುರುಮಾಡಿದರೆ ಎದ್ದು ಹೋಗುವ ಜಾತಿಯವನು ನಾನು. ವೈರ್‌ಲೆಸ್ ಕಲಿತವನು. ಬ್ಯಾಟರಿ ಇದ್ದರೆ ಮಾತು ಬರುತ್ತದೆ, ಇಲ್ಲದಿದ್ದರೆ ಇಲ್ಲ. ನನಗೆ ಗೊತ್ತಿದ್ದ ಲೋಕ ಅಷ್ಟೇ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ, ನಾನೂ ಬೇಕಾದಷ್ಟು ನಕ್ಕವನೇ.

ಎರಡನೆಯ ಮಹಾಯುದ್ಧದ ಕಾಲ. ಮಂಗಳೂರಿನಲ್ಲಿ ಆಗ ವಿಮಾನ ಇಳಿಯುವ ಜಾಗವೇ ಇರಲಿಲ್ಲ. ಆದರೂ ಕಡಲ ಮೇಲೆ ಹಾರುವ ವಿಮಾನಗಳ ಜೊತೆ ಮಾತಾಡಲೆಂದು ತಣ್ಣೀರುಬಾವಿಯ ಮರಳಿನಲ್ಲಿ ತಗಡಿನ ಕೋಣೆಯೊಂದನ್ನು ಕಟ್ಟಿ ನನ್ನನ್ನು ಕೂರಿಸಿದ್ದರು. ನಮ್ಮ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ನಮ್ಮದು ಮೀನು ಹಿಡಿಯುವ ಮನೆತನ. ನನಗೆ ಏಳು ವರ್ಷವಾಗಿದ್ದಾಗ ಕಡಲಿಗೆ ಹೋದ ಅಪ್ಪ ತಿರುಗಿ ಬರಲಿಲ್ಲ.

ಮೋಡ ಕವಿದು ದಡ ಕಾಣದಾದರೆ ನಮ್ಮ ಹೆಂಗಸರು ಸೂಟೆ, ಎಂದರೆ ಒಣ ತೆಂಗಿನ ಗರಿಯ ಪಂಜು, ಹೊತ್ತಿಸಿ ಮರಳಲ್ಲಿ ನೆಡುತ್ತಿದ್ದರು. ನೆರೆಮನೆಯವರ ದಡಕ್ಕೆ ಒಂದು, ಅದರಾಚೆಯವರಿಗೆ ಎರಡು, ನಮಗೆ ಸಾಲಾಗಿ ಮೂರು. ದೋಣಿಯಲ್ಲಿದ್ದವರು ಎಣಿಸಿ ತಮ್ಮ ದಡ ಹಿಡಿಯುತ್ತಿದ್ದರು. ಅಪ್ಪ ಬಾರದ ದಿನ ಗರಿಯೆಲ್ಲ ನೆನೆದು ಅಮ್ಮನಿಗೆ ಹೊತ್ತಿಸಲು ಆದದ್ದು ಒಂದೇ. ಬೇರೆಯವರ ದಡವೆಂದು ಅಪ್ಪ ಮುಂದೆ ಹೋದರೇನೋ ಎಂದು ಆಕೆ ಜನ್ಮವಿಡೀ ಕೊರಗಿದಳು. “ಬಿಡು ಅಪ್ಪೇ, ಅದಕ್ಕೂ ಇದಕ್ಕೂ ಎಂತ ಸಂಬಂಧ?” ಎಂದು ನಾನು ಗದರುತ್ತಿದ್ದೆ. ನಮ್ಮ ತುಳುವಿನಲ್ಲಿ ಅಪ್ಪೆ ಎಂದರೆ ಅಮ್ಮ.

ಮಳೆಗಾಲದ ಸೋಣ ತಿಂಗಳ ಒಂದು ಸಂಜೆ, ನಾಲ್ಕು ಗಂಟೆ ಇರಬಹುದು. ಗಂಜಿ ಪಾತ್ರೆ ಒಯ್ಯಲು ಅಮ್ಮ ಬಂದಿದ್ದಳು. ಮಳೆ ಹಿಡಿದು ಮೋಡ ಕಡಲಿಗೇ ಇಳಿದಿತ್ತು. ಹೆಡ್‌ಫೋನಿನಲ್ಲಿ ಒಬ್ಬ ತರುಣ ಪೈಲಟ್‌ನ ದನಿ ಕೇಳಿಸಿತು. ವಿಮಾನದಲ್ಲಿ ಅವನೊಬ್ಬನೇ. ಬಲಗಡೆಯ ಎಂಜಿನ್ ನಿಂತಿದೆ, ಎಡಗಡೆಯದು ವಿಪರೀತ ಬಿಸಿಯೇರುತ್ತಿದೆ, ಎತ್ತರ ಏರಲು ಆಗುತ್ತಿಲ್ಲ, ಮೋಡದೊಳಗೆ ಏನೂ ಕಾಣುತ್ತಿಲ್ಲ ಎಂದ. ಮೂಡಣಕ್ಕೆ ಹೋದರೆ ಘಟ್ಟ, ಕೆಳಗೆ ಇಳಿದರೆ ನೀರು. ಮಾತು ಮುಗಿಸಿದವನೇ, “ನೀವು ಇದ್ದೀರಲ್ಲ?” ಎಂದು ಕೇಳಿದ.

ಇದ್ದೆ. ಇರದೆ ಎಲ್ಲಿ ಹೋಗಲಿ? ಕಿವಿಗೆ ತಂತಿ, ತಂತಿಯ ತುದಿ ಮೇಜಿಗೆ. ನಾನು ಮಾತಾಡದೆ ಅರ್ಧ ನಿಮಿಷ ಕಳೆದರೂ ಅವನ ದನಿ ನಡುಗುತ್ತಿತ್ತು. ಬಾಗಿಲಾಚೆ ಮರಳು ಕಾಣುತ್ತಿದ್ದರೂ ಎದ್ದು ಹೋಗುವಂತಿಲ್ಲ. ಅವನು ಮೋಡದಲ್ಲಿ ಸಿಕ್ಕಿಬಿದ್ದಿದ್ದ, ನಾನು ತಗಡಿನ ಕೋಣೆಯಲ್ಲಿ. ಅಂಗಿಯ ಗುಂಡಿ ಬಿಚ್ಚಿಕೊಂಡೆ.

ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಹೊರಗೆ ಆಲಿಸಿದೆ. ಎಂಜಿನಿನ ಸದ್ದು ತಲೆಯ ಮೇಲಿಂದ ಬಡಗಣಕ್ಕೆ ಹೋಯಿತು. ಎಡಕ್ಕೆ, ಕಡಲ ಮೇಲೆಯೇ ತಿರುಗಿ ತೆಂಕಣಕ್ಕೆ ಬಾ, ಮೆಲ್ಲಗೆ ಇಳಿ, ದಡ ನಿನ್ನ ಎಡಗಡೆ ಸಿಗುತ್ತದೆ ಎಂದೆ. ಆದರೆ ಆ ಬಿಳಿ ಮಬ್ಬಿನಲ್ಲಿ ಮರಳು ಯಾವುದು, ನೀರು ಯಾವುದು ಎಂದು ಅವನಿಗೆ ತಿಳಿಯುವುದು ಹೇಗೆ? ಮೈಕಿಗೆ ಕೈ ಅಡ್ಡ ಹಿಡಿದು ಅಮ್ಮನಿಗೆ ಹೇಳಿದೆ:

“ಅಪ್ಪೇ, ಓಡು! ದಡದಲ್ಲಿ ಸೂಟೆ ಹೊತ್ತಿಸು. ಮೇಲೆ ಒಂದು ಜೀವ ಉಂಟು.”

“ಈ ಮಳೆಗೆ ಹತ್ತುತ್ತದಾ ಮಗಾ?” ಎಂದಳು. ಆದರೂ ಬೆಂಕಿಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿದಳು.

ಆಮೇಲಿನ ಹತ್ತು ನಿಮಿಷ ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಎತ್ತರ ಕೇಳಿದೆ, ಹೇಳಿದ. ಇನ್ನೊಮ್ಮೆ ಕೇಳಿದೆ, ಅರ್ಧಕ್ಕರ್ಧ ಕಡಿಮೆಯಾಗಿತ್ತು. “ನೀವು ಇದ್ದೀರಲ್ಲ?” ಎಂದ. ಇದ್ದೇನೆ ಮಾರಾಯ ಎಂದು ಇಂಗ್ಲಿಷಿನ ನಡುವೆ ನಮ್ಮ ಮಾತೇ ಬಾಯಿಗೆ ಬಂತು. ಅಷ್ಟರಲ್ಲಿ ಅವನು ಕೂಗಿದ: “ಬೆಂಕಿ ಕಾಣುತ್ತಿದೆ! ಎಡಗಡೆ, ಮೂರು, ಒಂದೇ ಸಾಲಿನಲ್ಲಿ!”

ಸೂಟೆಯ ಮಾತನ್ನಾಗಲಿ ಲೆಕ್ಕವನ್ನಾಗಲಿ ನಾನು ಅವನಿಗೆ ಹೇಳಿಯೇ ಇರಲಿಲ್ಲ. ಅದು ಹೊಳೆದದ್ದು ಆಮೇಲೆ. ಆಗ ಮನಸ್ಸಿನಲ್ಲಿ ಬಂದದ್ದು, ಶಾಭಾಸ್ ಅಪ್ಪೇ ಎಂದಷ್ಟೇ. ಆ ಬೆಂಕಿಯ ಸಾಲನ್ನೇ ಹಿಡಿದು ಇಳಿ ಎಂದೆ. ಹೆಡ್‌ಫೋನಿನಲ್ಲಿ ಕರಕರ ಸದ್ದಾಗಿ ಎಲ್ಲ ನಿಂತುಹೋಯಿತು.

ಕಿವಿಯ ತಂತಿ ಕಿತ್ತೊಗೆದು ಓಡಿದೆ. ವಿಮಾನ ಒದ್ದೆ ಮರಳಿನಲ್ಲಿ ಹೊಟ್ಟೆಯೂರಿ ಕೂತಿತ್ತು. ಹುಡುಗ ಹಣೆಯ ರಕ್ತ ಒರೆಸಿಕೊಳ್ಳುತ್ತ ತಾನೇ ಇಳಿದು ಬಂದ. ನನ್ನ ದನಿಯ ಗುರುತು ಹತ್ತಿದ ಕೂಡಲೇ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟ. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಬೆಂಕಿ ಹಚ್ಚಿದವರೆಲ್ಲಿ ಎಂದು ಅವನು ಕೇಳಿದ. ಅಮ್ಮ ಸ್ವಲ್ಪ ದೂರದಲ್ಲಿ ಮರಳಿನ ಮೇಲೆ ಕುಸಿದು ಕೂತಿದ್ದಳು. ಮಡಿಲಲ್ಲಿ ನೆನೆದ ಗರಿ, ಸುತ್ತಮುತ್ತ ಮುರಿದ ಬೆಂಕಿಕಡ್ಡಿಗಳು.

“ಒಂದೂ ಹತ್ತಲಿಲ್ಲ ಮಗಾ,” ಎಂದಳು. “ಈ ಸಲ ಒಂದೂ ಹತ್ತಲಿಲ್ಲ.”

ದಡದುದ್ದಕ್ಕೂ ಹುಡುಕಿದೆ. ಬೂದಿ ಇಲ್ಲ, ಹೊಗೆಯ ವಾಸನೆ ಇಲ್ಲ, ಆ ಮಳೆಯಲ್ಲಿ ಮನುಷ್ಯರ ಸುಳಿವೂ ಇಲ್ಲ. ಸಂಜೆ ಬಿಸಿಲಿನ ಹೊಳಪೇನೋ ಅಂದುಕೊಂಡರೆ, ಬಿಸಿಲೇ ಇರಲಿಲ್ಲ. ಹೆದರಿದವನ ಕಣ್ಣಿಗೆ ಏನಾದರೂ ಕಾಣಬಹುದು, ಒಪ್ಪುತ್ತೇನೆ. ಆದರೆ ಸರಿಯಾಗಿ ಮೂರೇ ಏಕೆ? ಅವನು ಮಾತ್ರ ಮನುಷ್ಯನೆತ್ತರದ ಮೂರು ಹಳದಿ ಬೆಂಕಿ ಎಂದು ಆಣೆಯಿಟ್ಟು ಹೇಳಿದ. ಮಾರನೆಯ ದಿನ ಅವನನ್ನು ಕರೆದೊಯ್ದರು. ಮತ್ತೆ ನಾನು ಅವನನ್ನು ನೋಡಲಿಲ್ಲ.

ಅಂದು ಅವನ ಹಣೆಗೆ ಬಟ್ಟೆ ಕಟ್ಟುತ್ತಿದ್ದ ಅಮ್ಮ, ಇವನು ಎಂತ ಹೇಳುವುದು ಎಂದು ಕೇಳಿದಳು. ಅವನ ಇಂಗ್ಲಿಷು ಅವಳಿಗೆ ತಿಳಿಯುತ್ತಿರಲಿಲ್ಲ. ಬೆಂಕಿ ಕಂಡಿತಂತೆ ಎಂದೆ. ಅವಳ ಕೈ ನಿಂತಿತು.

“ಎಷ್ಟು?”

“ಮೂರು.”

“ಮೂರೂ ಹತ್ತಿತ್ತಾ?”

“ಮೂರೂ ಹತ್ತಿತ್ತು ಅಪ್ಪೇ.”

ಆಮೇಲೆ ಹನ್ನೊಂದು ವರ್ಷ ಬದುಕಿದ ಅಮ್ಮ ಅಪ್ಪನ ಆ ದಿನದ ಬಗ್ಗೆ ಮತ್ತೆ ಕೊರಗಲಿಲ್ಲ. ಅಂದು ನಾನು ಅವಳಿಗೆ ಹೇಳಿದ್ದು ನಿಜವೋ ಸುಳ್ಳೋ, ಇವತ್ತಿಗೂ ನನಗೆ ಗೊತ್ತಿಲ್ಲ.