ಕಣ್ಣಿಗೆ ಒತ್ತಿಕೊಂಡ ಚೆಂಡು

ಟೆಕ್ಸಾಸಿನ ಮೆಕಿನ್ನಿಯ ಒಂದು ಗೃಹಪ್ರವೇಶದಲ್ಲಿ ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಆಂಟಿಯೊಬ್ಬರು ನಾನು ಏನು ಮಾಡಿಕೊಂಡಿದ್ದೇನೆಂದು ವಿಚಾರಿಸಿದರು. ಗಾಲ್ಫ್ ಆಡುತ್ತೇನೆ ಎಂದೆ. ಅವರು ಹೋಳಿಗೆ ಮುರಿಯುತ್ತಾ, "ಅದು ಸರಿ, ಕೆಲಸ ಏನು ಮಾಡ್ತೀಯ?" ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ಎದುರಿಗೆ ಕೂತಿದ್ದ ಅವ್ವ, "ಅದೇ ಕೆಲಸರೀ. ನನ್ನ ಕೆಲಸಾನೂ ಅದೇ. ಆಕಿ ಚೀಲ ಹೊರ್ತೀನಿ" ಎಂದಳು. ಆಂಟಿ ಪಲ್ಯದ ಕಡೆ ಗಮನ ಕೊಟ್ಟರು.

ಟೆಕ್ಸಾಸಿನಲ್ಲಿ ಗಾಲ್ಫನ್ನೇ ನಂಬಿ ಬದುಕಲು ಹೊರಟ ಮೊದಲ ಕನ್ನಡದ ಹೆಣ್ಣುಮಗಳು ನಾನು ಎಂದು ಇಲ್ಲಿನ ಕನ್ನಡ ಸಂಘದವರು ಶಾಲು ಹೊದಿಸುವಾಗೆಲ್ಲ ಹೇಳುತ್ತಾರೆ. ಹೌದೋ ಅಲ್ಲವೋ ನಾನು ಲೆಕ್ಕ ಹಾಕಿಲ್ಲ. ಮೊದಲಿನವಳಾಗುವುದೆಂದರೆ ಕೇಳಲು ಯಾರೂ ಇಲ್ಲದಿರುವುದು, ಅಷ್ಟೇ. ಐದು ತಾಸು ಬಿಸಿಲಲ್ಲಿ ನಡೆಯುವವಳು ಏನು ತಿನ್ನಬೇಕು, ಸೋತ ದಿನ ಯಾರಿಗೆ ಫೋನ್ ಮಾಡಬೇಕು, ಯಾವುದೂ ಗೊತ್ತಿರಲಿಲ್ಲ. ಎಲ್ಲವನ್ನೂ ನಾನು ಮತ್ತು ಅವ್ವ ಅಂದಾಜಿನ ಮೇಲೆ ಕಲಿತೆವು.

ಅಪ್ಪನಿಗೆ ಚಿಪ್ ಕಂಪನಿಯಲ್ಲಿ ಕೆಲಸ ಸಿಕ್ಕಿ ನಾವು ಹುಬ್ಬಳ್ಳಿಯಿಂದ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಊರಿಗೆ ಬಂದಾಗ ನನಗೆ ಒಂಬತ್ತು ವರ್ಷ. ಇಲ್ಲಿ ಎಲ್ಲಿಗೆ ಹೋಗಬೇಕಾದರೂ ಕಾರೇ ಬೇಕು. ಅವ್ವ ಡ್ರೈವಿಂಗ್ ಕಲಿತದ್ದೇ ನನ್ನನ್ನು ಗಾಲ್ಫ್ ಮೈದಾನಕ್ಕೆ ಬಿಡಲು. ಮೊದಮೊದಲು ಕಾರಿನಲ್ಲೇ ಕೂತು ಅವರೆಕಾಳು ಸುಲಿಯುತ್ತಿದ್ದಳು. ಆಮೇಲೆ ಕಾರಿನಿಂದ ಇಳಿದಳು. ನಾನು ಕಾಲೇಜು ಮುಗಿಸಿ ವೃತ್ತಿಗೆ ಇಳಿಯುವ ಹೊತ್ತಿಗೆ ನನ್ನ ಕ್ಯಾಡಿಯೇ ಆಗಿದ್ದಳು. ಆಟಗಾರರ ಚೀಲ ಹೊತ್ತು, ಚೆಂಡು ಒರೆಸಿಕೊಟ್ಟು, ಗಾಳಿ ಯಾವ ಕಡೆಗಿದೆ ಎಂದು ಹೇಳುವುದು ಕ್ಯಾಡಿಯ ಕೆಲಸ. ಚೂಡಿದಾರ, ಓಟದ ಬೂಟು, ಹುಲ್ಲಿನ ಟೋಪಿ, ಬೆವರಿಗೆ ಅರ್ಧ ಅಳಿಸಿದ ವಿಭೂತಿ. ಉಳಿದ ಹುಡುಗಿಯರ ಕ್ಯಾಡಿಗಳು ಅವಳ ಎರಡರಷ್ಟು ಎತ್ತರ ಇರುತ್ತಿದ್ದರು. ಅವರಿಗೆಲ್ಲ ಶೇಂಗಾ ಉಂಡೆಯ ರುಚಿ ಹಚ್ಚಿದವಳು ಅವಳೇ.

ಆಯುಧ ಪೂಜೆಯ ದಿನ ನಮ್ಮ ಗ್ಯಾರೇಜಿನಲ್ಲಿ ಕಾರಿಗೆ ಎಷ್ಟು ಮರ್ಯಾದೆಯೋ ನನ್ನ ಗಾಲ್ಫ್ ಕೋಲುಗಳಿಗೂ ಅಷ್ಟೇ. ಹದಿನಾಲ್ಕು ಕೋಲುಗಳನ್ನು ಸಾಲಾಗಿ ಒರಗಿಸಿ, ಒಂದೊಂದರ ತಲೆಗೂ ಕುಂಕುಮ ಇಟ್ಟು, ಚೆಂಡುಗಳ ಮೇಲೆ ಒಂದೊಂದು ಸೇವಂತಿಗೆ ಇಡುತ್ತಿದ್ದಳು. ಅನ್ನ ಕೊಡುವ ವಸ್ತು ಎನ್ನುವುದು ಅವಳ ನಂಬಿಕೆ. ಪುಸ್ತಕಕ್ಕೆ ಕಾಲು ತಾಗಿದರೆ ನಾವು ಹೇಗೆ ಥಟ್ಟನೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೋ ಹಾಗೆ ಅವಳು ಚೆಂಡಿಗೂ ಮಾಡುತ್ತಿದ್ದಳು. ಮನೆಯಲ್ಲಿ ಅದನ್ನು ನೂರು ಸಲ ನೋಡಿದ್ದರೂ ಆಟದ ನಡುವೆ ಹಾಗೆ ಮಾಡಬೇಡ ಎಂದು ಅವಳಿಗೆ ಹೇಳಲು ನನಗೆ ಹೊಳೆದಿರಲಿಲ್ಲ.

ಎಂಟು ವರ್ಷದ ಹಿಂದೆ ಹ್ಯೂಸ್ಟನ್‌ನಲ್ಲಿ ಅರ್ಹತಾ ಪಂದ್ಯದ ಕೊನೆಯ ದಿನ. ಅದರಲ್ಲಿ ದಾಟಿದರೆ ಮುಂದಿನ ವರ್ಷವೆಲ್ಲ ದೊಡ್ಡ ಸುತ್ತಿನಲ್ಲಿ, ಎಂದರೆ ದೊಡ್ಡ ಬಹುಮಾನದ ಪಂದ್ಯಗಳ ಸರಣಿಯಲ್ಲಿ, ಆಡುವ ಹಕ್ಕು. ದಾಟದಿದ್ದರೆ ಮತ್ತೆ ಸಣ್ಣ ಪಂದ್ಯಗಳಿಗಾಗಿ ಊರೂರು ಕಾರು ಓಡಿಸುವುದು. ಕೊನೆಯ, ಹದಿನೆಂಟನೆಯ ಹೋಲ್‌ನಲ್ಲಿ ಚೆಂಡು ಒಳಗೆ ಬಿದ್ದಾಗ ನಾನು ಸರಿಯಾಗಿ ಗೆರೆಯ ಮೇಲಿದ್ದೆ, ಒಂದು ಹೊಡೆತ ಹೆಚ್ಚಾಗಿದ್ದರೂ ಹೊರಗೆ. ದಾಟಿದ್ದೆ. ಅವ್ವ ಚೀಲ ಇಳಿಸಿ ಸೆರಗಿಲ್ಲದ ಚೂಡಿದಾರದಲ್ಲಿ ಕಣ್ಣು ಒರೆಸಿಕೊಳ್ಳಲು ಬಟ್ಟೆ ಹುಡುಕಿದಳು. ಕೊನೆಗೆ ಚೆಂಡು ಒರೆಸುವ ಟವೆಲ್ಲೇ ಸಿಕ್ಕಿತು.

ಗಾಲ್ಫ್‌ನಲ್ಲಿ ನಮ್ಮ ಹೊಡೆತಗಳಿಗೆ ನಾವೇ ಹೊಣೆ. ಜೊತೆ ಆಟಗಾರ್ತಿ ಬರೆದ ಹೊಡೆತದ ಲೆಕ್ಕದ ಕಾರ್ಡನ್ನು ನೋಡಿ, ಸರಿಯಿದೆ ಎಂದು ನಾವು ಸಹಿ ಮಾಡಬೇಕು. ಬಿಳಿ ಡೇರೆಯ ಕೆಳಗೆ ಮೇಜಿಗೆ ಕೂತು ನಾನು ಪೆನ್ನು ತೆಗೆದೆ. ಅವ್ವ ನೀರಿನ ಬಾಟಲಿ ಕೊಡುತ್ತಾ ಕಿವಿಯ ಹತ್ತಿರ ಬಗ್ಗಿ, ಸಂತೋಷ ತಡೆಯಲಾರದೆ ಹೇಳಿದಳು.

"ಹದಿನೈದನೇದ್ರಾಗ ನೀ ಇಳಿಜಾರು ನೋಡಾಕ ಮುಂದ ಹೋಗಿದ್ದೆಲ್ಲ, ಚೀಲ ಇಡುಮುಂದ ನನ್ನ ಕಾಲು ಚೆಂಡಿಗೆ ತಾಗಿತ್ತವಾ. ಗೇಣಷ್ಟು ಉಳ್ಳಿತು. ಎತ್ತಿ ಕಣ್ಣಿಗೆ ಒತ್ಕೊಂಡು ಇದ್ದಲ್ಲೇ ಇಟ್ಟೆ. ಆಮ್ಯಾಲ ನೋಡು, ಹೆಂಗ ಸೀದಾ ಹೋತು."

ಹುಲ್ಲಿನಲ್ಲಿ ನಿಂತಿರುವ ಚೆಂಡನ್ನು ಕ್ಯಾಡಿ ಸರಿಸಿದರೆ ಆಟಗಾರ್ತಿಗೆ ಒಂದು ಹೊಡೆತ ದಂಡ. ಯಾರೂ ನೋಡಿರಲಿಲ್ಲ. ಡೇರೆಯಲ್ಲಿದ್ದ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಇಡೀ ಹ್ಯೂಸ್ಟನ್‌ನಲ್ಲಿ ಆ ಸಂಗತಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಅವ್ವನಿಗಂತೂ ಅದು ತಪ್ಪೆಂದೇ ಗೊತ್ತಿಲ್ಲ. ನಾನು ದೊಡ್ಡ ಹರಿಶ್ಚಂದ್ರನ ಮಗಳೇನಲ್ಲ, ಸಹಿ ಮಾಡಿಬಿಡೋಣ ಎಂದು ಮನಸ್ಸು ಹೇಳಿತು. ಪೆನ್ನಿನ ತುದಿ ಕಾಗದಕ್ಕೆ ತಾಗಿಯೂ ಇತ್ತು. ಆದರೆ ಚೆಂಡನ್ನು ಕಣ್ಣಿಗೆ ಒತ್ತಿಕೊಂಡವಳು ಪಕ್ಕದಲ್ಲೇ ನಿಂತಿದ್ದಳು. ಅಧಿಕಾರಿಯನ್ನು ಕರೆದೆ. ಹದಿನೈದನೆಯ ಸಾಲಿನ ನಾಲ್ಕು ಐದಾಯಿತು. ಒಂದೇ ಹೊಡೆತಕ್ಕೆ ಅರ್ಹತೆ ತಪ್ಪಿತು.

ಆ ಅಂಕಿಯನ್ನು ನೋಡಿಯೇ ಅವ್ವನಿಗೆ ಅರ್ಥವಾಯಿತು.

ಕಾರ್ಡಿನ ಮೇಲೆ ತೋರಿಸಿದ ದೊಡ್ಡತನ ಕಾರಿನವರೆಗೂ ಉಳಿಯಲಿಲ್ಲ. ಆಸ್ಟಿನ್ ಕಡೆಯ ಹೆದ್ದಾರಿಯಲ್ಲಿ ಬ್ರೆನಮ್ ಊರು ದಾಟಿದ ಮೇಲೆ, ನೀನು ಚೀಲ ಹೊರುವ ಬದಲು ಮನೆಯಲ್ಲೇ ಇರಬೇಕಿತ್ತು ಎಂದುಬಿಟ್ಟೆ. ಪೆಟ್ರೋಲ್ ಹಾಕಿಸಲು ನಿಂತಾಗ ಅವ್ವ ಡಬ್ಬಿ ತೆರೆದು ಕೊನೆಯ ಶೇಂಗಾ ಉಂಡೆಯನ್ನು ನನ್ನ ಮುಂದೆ ಹಿಡಿದಳು. ನಾನು ತಿಂದೆ. ಕ್ಷಮಿಸು ಎನ್ನಲಿಲ್ಲ. ಉಂಡೆ ತಿಂದರೆ ಮುಗಿಯಿತು ಎಂದುಕೊಂಡಿದ್ದೆ.

ಮುಗಿದಿರಲಿಲ್ಲ. ಮುಂದಿನ ಪಂದ್ಯದಿಂದ ಅವ್ವ ಚೀಲವನ್ನು ಚೆಂಡಿನಿಂದ ಎರಡು ಮಾರು ದೂರ ಇಡತೊಡಗಿದಳು. ಒರೆಸಲೆಂದು ನಾನೇ ಚೆಂಡನ್ನು ಮುಂದೆ ಹಿಡಿದರೂ ಕೈ ಹಿಂದಿಟ್ಟುಕೊಂಡು, "ಮುಟ್ಲೇನು?" ಎಂದು ಕೇಳುವಳು. ಹೂಂ ಎಂದ ಮೇಲೆಯೇ ಮುಟ್ಟುವಳು. ಜೊತೆ ಆಡುವವರು ಅದೇನು ಎಂದು ಕೇಳಿದರೆ ಮಂತ್ರ ಎಂದು ಹೇಳಿ ನಗುತ್ತಿದ್ದೆ. ನಗುವುದು ನನಗೆ ಸುಲಭವಾಗಿತ್ತು.

ಎರಡು ವರ್ಷದ ನಂತರ ಡಲ್ಲಾಸ್‌ನಲ್ಲಿ ಅರ್ಹತೆ ಸಿಕ್ಕಿತು, ಎರಡು ಹೊಡೆತ ಕೈಯಲ್ಲಿ ಉಳಿಸಿಕೊಂಡೇ. ಮೂರು ವರ್ಷ ದೊಡ್ಡ ಸುತ್ತಿನಲ್ಲಿ ಆಡಿದೆ. ಒಮ್ಮೆಯೂ ಗೆಲ್ಲಲಿಲ್ಲ, ಒಮ್ಮೆ ನಾಲ್ಕನೆಯವಳಾದೆ. ಬೆನ್ನು ನೋವು ಬಂದು ಬಿಟ್ಟೆ. ಈಗ ಫ್ಲೂಗರ್‌ವಿಲ್‌ನಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತೇನೆ. ಅವರಲ್ಲಿ ಮೂವರು ನಮ್ಮವರೇ. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಸಾರಿ ಅನ್ನುತ್ತಾರೆ. ಅವರಿಗೆ ಕೇಳಲು ನಾನಿದ್ದೇನೆ.

ಈ ಸಲದ ಆಯುಧ ಪೂಜೆಗೆ ಅವ್ವನ ಮಂಡಿಯ ಆಪರೇಷನ್ ಆಗಿ ಎರಡು ತಿಂಗಳು. ಗ್ಯಾರೇಜಿನಲ್ಲಿ ಕುರ್ಚಿ ಹಾಕಿ ಕೂರಿಸಿದೆ. ನಾನು ಹಳೆಯ ಕೋಲುಗಳನ್ನು ಸಾಲಾಗಿ ಒರಗಿಸಿದೆ, ಅವಳು ಕುಂಕುಮ ಇಡುತ್ತಾ ಬಂದಳು. ಕೊನೆಗೆ ತಟ್ಟೆಯಲ್ಲಿ ಒಂದೇ ಚೆಂಡು ಇತ್ತು. ಅದರ ಕಡೆ ಬೆರಳು ಚಾಚಿದವಳು ಅರ್ಧದಲ್ಲೇ ನಿಲ್ಲಿಸಿ, ನನ್ನ ಮುಖ ನೋಡಿದಳು.

"ಮುಟ್ಲೇನು?"

ಅವಳ ಮನೆ, ಅವಳ ಪೂಜೆ, ಅವಳ ಕುಂಕುಮ. ನನಗೆ ನಾಚಿಕೆಯಾಯಿತು. ಬ್ರೆನಮ್‌ನಲ್ಲಿ ನಾನಾಡಿದ ಮಾತನ್ನು ಅವಳು ಎಂಟು ವರ್ಷ, ಯಾವ ಚೀಲಕ್ಕಿಂತಲೂ ಭಾರವಾಗಿ, ಹೊತ್ತುಕೊಂಡೇ ನಡೆದಿದ್ದಳು. ನೆಲದ ಮೇಲೆ ಕೂತು ಅವಳ ಕೈ ಹಿಡಿದು ಚೆಂಡಿನ ಮೇಲೆ ಇಟ್ಟೆ. ಆಮೇಲೆ ಆ ಕೈಯನ್ನೇ ನನ್ನ ಕಣ್ಣಿಗೆ ಒತ್ತಿಕೊಂಡೆ. ರೆಪ್ಪೆಗೆಲ್ಲ ಕುಂಕುಮವಾಯಿತು.

"ಇನ್ನ ಕೇಳಬ್ಯಾಡ ಅವ್ವ," ಎಂದೆ. "ಅವತ್ತು ನೀ ಮುಟ್ಟಿದ್ದಕ್ಕ ಅದು ಸೀದಾ ಹೋಗಿತ್ತು."